ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲವನ್ನು ಯಾಕೆ ಸೇರಿಸುತ್ತಾರೆ?

ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ಕಟ್ಟಿಹಾಕಲು. ಕ್ಲಾವುಲಾನಿಕ್ ಆಮ್ಲ ತಾನಾಗಿ ರೋಗಾಣುಗಳನ್ನು ಹೆಚ್ಚೇನೂ ಕೊಲ್ಲುವುದಿಲ್ಲ. ಅಮಾಕ್ಸಿಸಿಲಿನ್ ಹಾಳಾಗದಂತೆ ಕಾಯುವುದೇ ಅದರ ಮುಖ್ಯ ಕೆಲಸ.

ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಗುಂಪಿನ ಔಷಧಿಗಳಲ್ಲೆಲ್ಲ ನಾಲ್ಕು ಪರಮಾಣುಗಳ ಪುಟ್ಟ ಉಂಗುರವೊಂದಿದೆ, ಬೀಟಾ-ಲ್ಯಾಕ್ಟಮ್ ಅಂತ ಅದರ ಹೆಸರು. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಪ್ರೋಟೀನಿಗೆ ಈ ಉಂಗುರ ಅಂಟಿಕೊಂಡರೆ ಭಿತ್ತಿಯ ಕೆಲಸ ನಿಂತುಹೋಗುತ್ತದೆ. ಮೊದಲು ಹೇಳಿದ ಬ್ಯಾಕ್ಟೀರಿಯಾದ ಕಿಣ್ವ, ಅಂದರೆ ಬೀಟಾ-ಲ್ಯಾಕ್ಟಮೇಸ್, ಹಿಡಿಯುವುದೂ ಇದೇ ಉಂಗುರವನ್ನೇ. ಆದರೆ ಅದು ನೀರಿನ ಒಂದು ಅಣು ಬಳಸಿ ಉಂಗುರವನ್ನು ಮುರಿದು, ಕೆಲಸಕ್ಕೆ ಬಾರದ ಔಷಧಿಯನ್ನು ಹೊರದಬ್ಬಿ, ತಾನು ಏನೂ ಆಗದೆ ಮುಂದಿನ ಅಣುವಿಗೆ ಕೈಹಾಕುತ್ತದೆ. ಬರೀ ಡೋಸ್ ಹೆಚ್ಚಿಸಿದರೆ ಸಾಲದಿರುವುದು ಇದಕ್ಕೇ. ಕ್ಲಾವುಲಾನಿಕ್ ಆಮ್ಲದಲ್ಲೂ ಅದೇ ಉಂಗುರವಿದೆ; ಅದನ್ನು ಒಡೆಯಲು ಹೋದ ಕಿಣ್ವ ಬಿಡಿಸಿಕೊಳ್ಳಲಾಗದೆ ಸಿಕ್ಕಿಬೀಳುತ್ತದೆ.

ಈ ಜೋಡಿಯ '625' ಮಾತ್ರೆಯಲ್ಲಿ 500 ಮಿ.ಗ್ರಾಂ ಅಮಾಕ್ಸಿಸಿಲಿನ್, 125 ಮಿ.ಗ್ರಾಂ ಕ್ಲಾವುಲಾನಿಕ್ ಆಮ್ಲ. '375'ರಲ್ಲಿ 250 ಮತ್ತು ಅದೇ 125. ಹಾಗಾಗಿ 625 ಸಿಗಲಿಲ್ಲವೆಂದು ಎರಡು 375 ನುಂಗಬೇಡಿ. ಕ್ಲಾವುಲಾನಿಕ್ ಆಮ್ಲ ದುಪ್ಪಟ್ಟಾಗಿ ಭೇದಿ ಶುರುವಾಗುವ ಸಾಧ್ಯತೆ ಹೆಚ್ಚುತ್ತದೆ.

ಈ ಜೋಡಿ ಎಲ್ಲ ಕಡೆ ಗೆಲ್ಲುವುದಿಲ್ಲ. ಎನ್‌ಡಿಎಂ-1 ಎಂಬ ಕಿಣ್ವ ಉಂಗುರವನ್ನು ಮುರಿಯುವುದು ಸತುವಿನ, ಅಂದರೆ ಜಿಂಕ್‌ನ, ನೆರವಿನಿಂದ. ಕ್ಲಾವುಲಾನಿಕ್ ಆಮ್ಲದ ಬಲೆಗೆ ಅದು ಬೀಳುವುದಿಲ್ಲ. ಎಂಆರ್‌ಎಸ್‌ಎ ಎಂಬ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾದಲ್ಲಂತೂ ಔಷಧಿ ಸುಲಭಕ್ಕೆ ಅಂಟದಂಥ, ಭಿತ್ತಿ ಕಟ್ಟುವ ಬೇರೊಂದು ಪ್ರೋಟೀನೇ ಇರುತ್ತದೆ, ಕಿಣ್ವವನ್ನು ತಡೆದರೂ ಅಲ್ಲಿ ಪ್ರಯೋಜನವಾಗದು.