ಮಿಕ್ಸಿಯಲ್ಲಿ ಪುಡಿ ಮಾಡಿದರೆ ಫಿಲ್ಟರ್ ಕಾಫಿ ಒಮ್ಮೆ ಕಹಿ, ಒಮ್ಮೆ ನೀರು ನೀರು ಆಗುವುದೇಕೆ?

ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಚಚ್ಚುತ್ತದೆ. ಹಾಗಾಗಿ ಒಂದೇ ಜಾರಿನಲ್ಲಿ ನುಣ್ಣನೆ ಧೂಳೂ ಇರುತ್ತದೆ, ಒಡಕು ಕಾಳೂ ಇರುತ್ತದೆ. ಧೂಳು ಬೇಗ ಕಹಿ ಬಿಡುತ್ತದೆ, ಫಿಲ್ಟರಿನ ತೂತನ್ನೂ ಕಟ್ಟುತ್ತದೆ. ಕಾಳಿನೊಳಗಿನ ರುಚಿ ಪೂರ್ತಿ ಇಳಿಯುವುದೇ ಇಲ್ಲ. ಬರ್ ಗ್ರೈಂಡರಿನಲ್ಲಿ ಎರಡು ಹಲ್ಲುಚಕ್ರಗಳ ನಡುವಿನ ಸಂದು ಎಷ್ಟಿದೆಯೋ ಪುಡಿಯೂ ಅಷ್ಟೇ, ಹೆಚ್ಚುಕಡಿಮೆ ಒಂದೇ ಸಮ. ಕೈಯಲ್ಲಿ ತಿರುಗಿಸುವಂಥದ್ದೂ ಸಾಕು.

ಮಿಕ್ಸಿಯೇ ಗತಿಯೆಂದರೆ ಚಿಕ್ಕ ಜಾರಿನಲ್ಲಿ 3–4 ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ, ಪ್ರತಿ ಸಲ ಜಾರು ಅಲುಗಾಡಿಸಿ. ಜರಡಿ ಹಿಡಿದು ದಪ್ಪ ಕಾಳನ್ನು ಮತ್ತೆ ಹಾಕಿ. ಚಿರೋಟಿ ರವೆಗಿಂತ ತುಸು ನುಣ್ಣಗಿದ್ದರೆ ಸರಿ. ಚಿಕೋರಿ ಬೆರೆಸುವುದು ಆಮೇಲೆ. 20 ಗ್ರಾಂ ಪುಡಿಗೆ 120 ಮಿಲಿ ಬಿಸಿನೀರು ಹುಯ್ದಾಗ 5 ನಿಮಿಷದೊಳಗೇ ಇಳಿದುಬಿಟ್ಟರೆ ಪುಡಿ ತರಿ. ಅರ್ಧ ಗಂಟೆಯಾದರೂ ನಿಂತೇ ಇದ್ದರೆ ತೀರಾ ನುಣ್ಣಗಾಗಿದೆ, ಇಲ್ಲವೇ ಪುಡಿಯನ್ನು ಒತ್ತಿದ್ದು ಜಾಸ್ತಿಯಾಗಿದೆ.