ಹಳ್ಳದ ಹರಿವು ಅಳೆಯಲು ಕೋಲು ನೆಟ್ಟರೆ ಸಾಕೇ?

ಪ್ರಶ್ನೆ: ನಮ್ಮ ಜಮೀನಿನ ಅಂಚಿನಲ್ಲಿ ಸಣ್ಣ ಹಳ್ಳವಿದೆ. ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಎಂದು ತಿಳಿಯಬೇಕು. ಸೆಂಟಿಮೀಟರ್ ಗುರುತು ಹಾಕಿದ ಕೋಲು ನೆಟ್ಟಿದ್ದೇನೆ. ದಿನಾ ನೀರಿನ ಮಟ್ಟ ಬರೆದಿಟ್ಟರೆ ಸಾಕಲ್ವಾ?

ಉತ್ತರ: ಸಾಲದು. ಆದರೆ ಕೋಲು ಕೀಳಬೇಡಿ, ಮುಂದೆ ಬೇಕಾಗುತ್ತದೆ. ನೀರು ಎಷ್ಟು ಎತ್ತರಕ್ಕಿದೆ ಎಂದಷ್ಟೇ ಅದು ಹೇಳುತ್ತದೆ. ಹರಿವು ಗೊತ್ತಾಗಲು ಎರಡು ಅಳತೆ ಬೇಕು. ಒಂದು, ಹಳ್ಳದ ಅಡ್ಡಕ್ಕೆ ನೀರು ತುಂಬಿಕೊಂಡಿರುವ ಜಾಗದ ವಿಸ್ತೀರ್ಣ. ಇನ್ನೊಂದು, ನೀರಿನ ವೇಗ. ಎರಡನ್ನೂ ಗುಣಿಸಿದರೆ ಹರಿವು ಸಿಗುತ್ತದೆ.

ನೀರು ನೆಟ್ಟಗೆ ಹರಿಯುವ, ಸುಳಿ, ಬಂಡೆ ಇಲ್ಲದ ಕಡೆ ದಡದಿಂದ ದಡಕ್ಕೆ ಹಗ್ಗ ಕಟ್ಟಿ. ಅರ್ಧರ್ಧ ಮೀಟರಿಗೆ ಆಳ ನೋಡಿ. 2 ಮೀಟರ್ ಅಗಲದ ಹಳ್ಳದಲ್ಲಿ 30, 50, 40 ಸೆಂ.ಮೀ. ಬಂತು ಎನ್ನಿ. ಬಹಳ ಜನ ಎಡವುವುದು ಇಲ್ಲೇ. ಮೂರರ ಸರಾಸರಿ 40 ಎಂದು ಹಿಡಿದು, ಅಗಲದಿಂದ ಗುಣಿಸಿ, 0.8 ಚದರ ಮೀಟರ್ ಎಂದುಬಿಡುತ್ತಾರೆ. ದಡದಲ್ಲಿ ಆಳ ಸೊನ್ನೆಗೆ ಇಳಿಯುವುದನ್ನು ಮರೆಯುತ್ತಾರೆ! ಅರ್ಧ ಮೀಟರಿನ ಒಂದೊಂದು ಪಟ್ಟಿಗೂ ಅದರ ಎರಡು ಅಂಚಿನ ಆಳದ ಸರಾಸರಿ ಹಿಡಿದು ಕೂಡಿಸಿ. ಬರುವುದು 0.6 ಮಾತ್ರ.

ಇನ್ನು ವೇಗ. ಮುಕ್ಕಾಲು ಭಾಗ ನೀರು ತುಂಬಿ ಮುಚ್ಚಳ ಹಾಕಿದ ಸಣ್ಣ ಬಾಟಲಿ ಸಾಕು. ಥರ್ಮೋಕೋಲ್ ಬೇಡ, ಅದು ಗಾಳಿ ತಳ್ಳಿದ ಕಡೆ ಹೋಗುತ್ತದೆ. 10 ಮೀಟರ್ ದೂರ ಗುರುತು ಮಾಡಿ. ಬಾಟಲಿಯನ್ನು ಮೊದಲ ಗುರುತಿಗಿಂತ ಸ್ವಲ್ಪ ಹಿಂದೆ, ನೀರು ಬರುವ ಕಡೆಯಿಂದಲೇ ಬಿಡಿ, ಗುರುತಿಗೆ ಬರುವಷ್ಟರಲ್ಲಿ ನೀರಿನ ವೇಗ ಹಿಡಿದಿರುತ್ತದೆ. ಮಧ್ಯದಲ್ಲೂ ಎರಡೂ ದಡದ ಕಡೆಗೂ ಕೆಲವು ಸಲ ಬಿಟ್ಟು ಸರಾಸರಿ ತೆಗೆಯಿರಿ. 20 ಸೆಕೆಂಡು ಬಂದರೆ ವೇಗ ಸೆಕೆಂಡಿಗೆ 0.5 ಮೀಟರ್. ಆದರೆ ಇದು ಮೇಲ್ಮೈ ವೇಗ. ತಳದ ನೀರು ನೆಲಕ್ಕೆ ಉಜ್ಜಿಕೊಂಡು ನಿಧಾನವಾಗುತ್ತದೆ. ಹಾಗಾಗಿ 0.85ರಿಂದ ಗುಣಿಸುತ್ತಾರೆ. ಆಳ ಕಡಿಮೆ, ಕಲ್ಲು ಜಾಸ್ತಿ ಇದ್ದರೆ ಇನ್ನೂ ಕಡಿಮೆ ಹಿಡಿಯಬೇಕು. ನಮ್ಮ ಲೆಕ್ಕದಲ್ಲಿ 0.6 × 0.5 × 0.85, ಅಂದರೆ ಸೆಕೆಂಡಿಗೆ 255 ಲೀಟರ್, ಸುಮಾರು 9 ಕ್ಯೂಸೆಕ್.

ಈಗ ಕೋಲಿಗೆ ಬನ್ನಿ. ನೀರು ಕಡಿಮೆ, ಮಧ್ಯಮ, ಜಾಸ್ತಿ ಇದ್ದಾಗೆಲ್ಲ ಹೀಗೆ ಅಳೆದು, ಆ ಹೊತ್ತಿನ ಕೋಲಿನ ಮಟ್ಟವನ್ನೂ ಬರೆದಿಡಿ. ಗ್ರಾಫ್ ಹಾಕಿದರೆ ಆಮೇಲೆ ಕೋಲು ನೋಡಿದರೇ ಹರಿವು ತಿಳಿಯುತ್ತದೆ. ದೊಡ್ಡ ನದಿಗಳ ಅಳತೆ ಕೇಂದ್ರಗಳಲ್ಲೂ ಹೆಚ್ಚಾಗಿ ನಡೆಯುವುದು ಇದೇ. ಸುಮ್ನೆ ಎರಡು ಚುಕ್ಕೆಗೆ ಗೆರೆ ಎಳೆದು ಮುಗಿಸಬೇಡಿ. ಮಟ್ಟ ಎರಡರಷ್ಟಾದರೆ ಹರಿವು ಎರಡರಷ್ಟಾಗುವುದಿಲ್ಲ. ಉದಾಹರಣೆಗೆ, 90 ಡಿಗ್ರಿಯ ವಿ ಆಕಾರದ ಕಚ್ಚು ಇರುವ ಹಲಗೆಯನ್ನು ಹಳ್ಳಕ್ಕೆ ಅಡ್ಡ ಇಟ್ಟು ಅಳೆದರೆ, ಕಚ್ಚಿನ ಕೆಳತುದಿಯಿಂದ ನೀರು 10 ಸೆಂ.ಮೀ. ಎತ್ತರ ಇದ್ದಾಗ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್. 20 ಸೆಂ.ಮೀ. ಆದರೆ ಹತ್ತಿರಹತ್ತಿರ 25 ಲೀಟರ್!

ದೊಡ್ಡ ನೆರೆ ಬಂದು ತಳದ ಮರಳು, ಕಲ್ಲು ಜರುಗಿದರೆ ಹಳೇ ಗ್ರಾಫ್ ಕೆಲಸಕ್ಕೆ ಬರುವುದಿಲ್ಲ, ಹೊಸದಾಗಿ ಅಳೆಯಬೇಕು. ನೆರೆ ಇರುವಾಗ ಮಾತ್ರ ನೀರಿಗೆ ಇಳಿಯಬೇಡಿ. ರಭಸ ಇದ್ದರೆ ಮೊಣಕಾಲುದ್ದದ ನೀರೇ ಕೆಡವುತ್ತದೆ.

ಬೇಸಿಗೆಯಲ್ಲಿ ಬಾಟಲಿ ತಳಕ್ಕೆ ತಾಗುವಷ್ಟು ನೀರಿಳಿದರೆ ಈ ಲೆಕ್ಕವೇ ಬೇಡ. ಮಣ್ಣಿನ ಸಣ್ಣ ಒಡ್ಡು ಹಾಕಿ, ಎಲ್ಲ ನೀರೂ ಒಂದೇ ಪೈಪಿನಲ್ಲಿ ಬರುವಂತೆ ಮಾಡಿ, ಕೆಳಗೆ ಬಕೆಟ್ ಹಿಡಿಯಿರಿ. 10 ಲೀಟರ್ ಬಕೆಟ್ 4 ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ ಎರಡೂವರೆ ಲೀಟರ್. ಸಣ್ಣ ಹರಿವಿಗೆ ನಾನು ಜಾಸ್ತಿ ನಂಬುವುದು ಈ ಬಕೆಟ್ಟನ್ನೇ.