ಕಲೋನ್‌ನಲ್ಲಿ ಪಿಯಾನೋ ನಂಬಿ ಬದುಕಬಹುದಾ?

ಜಯನಗರದಲ್ಲಿ ಪಿಯಾನೋ ಕಲಿತು ಟ್ರಿನಿಟಿ ಪರೀಕ್ಷೆಯ ಎಂಟನೇ ಗ್ರೇಡ್ ಮುಗಿಸಿದ್ದೀಯ. ಜಾಝ್ ಮತ್ತು ಈಗಿನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎರಡನ್ನೂ ಬೆರೆಸಿ ಬರೆಯುತ್ತೀಯ. ಓದಲು ಜರ್ಮನಿಯ ಕಲೋನ್‌ಗೆ ಬಂದರೆ ಇದರಲ್ಲೇ ಹೊಟ್ಟೆ ಹೊರೆಯಬಹುದಾ ಅಂತ ನಿನ್ನ ಪ್ರಶ್ನೆ. ಹೊರೆಯಬಹುದಮ್ಮಾ, ಆದರೆ ಬರೀ ಇದರಿಂದಲ್ಲ. ನಾನೂ ಬೆಂಗಳೂರಿನವನೇ, ಬಸವನಗುಡಿಯವನು. ಇಲ್ಲಿ ನುಡಿಸುತ್ತೇನೆ, ಬರೆಯುತ್ತೇನೆ, ಅರ್ಧ ವಾರ ಮಕ್ಕಳಿಗೆ ಪಾಠ ಹೇಳುತ್ತೇನೆ. ಬಾಡಿಗೆ ಕಟ್ಟೋದು ಪಾಠದ ದುಡ್ಡು.

ಊರಿನ ಆಯ್ಕೆ ಮಾತ್ರ ಸರಿಯಾಗಿದೆ. ಇಲ್ಲಿನ ಸಂಗೀತ ಕಾಲೇಜಿನಲ್ಲಿ 1958ರಲ್ಲೇ ಜಾಝ್ ತರಗತಿ ಶುರುವಾಯಿತು. ಸಂಗೀತ ರಚನಕಾರ ಸ್ಟಾಕ್‌ಹೌಸನ್ ಎಲೆಕ್ಟ್ರಾನಿಕ್ ಸಂಗೀತ ಮಾಡಿದ್ದು ಇಲ್ಲಿನ ರೇಡಿಯೋ ಸ್ಟುಡಿಯೋದಲ್ಲಿ. ಇನ್ನೊಬ್ಬ ರಚನಕಾರ ಝಿಮ್ಮರ್‌ಮನ್ ಅವರ ಒಪೆರಾ (ಸಂಗೀತ ನಾಟಕ) 1965ರಲ್ಲಿ ಇಲ್ಲೇ ಮೊದಲು ನಡೆದಾಗ ದೊಡ್ಡ ಆರ್ಕೆಸ್ಟ್ರಾ ಜೊತೆ ಜಾಝ್ ತಂಡವೂ ಇತ್ತು. ಹಾಗಾಗಿ ನಿನ್ನ ಬೆರಕೆಗೆ ಯಾರೂ ಹುಬ್ಬೇರಿಸಲ್ಲ. ಬೆಂಗಳೂರಿನ ಹೆಸರೂ ಇವರಿಗೆ ಹೊಸದಲ್ಲ. ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ 1983ರಲ್ಲಿ ಸ್ಯಾಕ್ಸೊಫೋನ್‌ನ ಚಾರ್ಲಿ ಮರಿಯಾನೊ ಜೊತೆ ಆಲ್ಬಂ ಮಾಡಿದ್ದರು. ಮರಿಯಾನೊ ಕೊನೆಗೆ ಇದ್ದಿದ್ದು ಈ ಊರಿನಲ್ಲೇ. ಹಳೇ ಜಾಝ್ ಮಂದಿಗೆ ಬೆಂಗಳೂರು ಅಂದರೆ ಸಾಫ್ಟ್‌ವೇರ್‌ಗಿಂತ ಮೊದಲು ಬಾಯಲ್ಲೇ ತಾಳದ ಜತಿ ಹೇಳುವ ಕೊನ್ನಕ್ಕೋಲ್ ನೆನಪಾಗುತ್ತದೆ!

ತೊಂದರೆ ಇರೋದು ದುಡ್ಡಿನ ಕಡೆ. ರಾಯಲ್ಟಿ ಹಂಚುವ ಗೆಮಾ ಬಹಳ ಕಾಲದಿಂದ ಗಂಭೀರ ಸಂಗೀತ, ಮನರಂಜನೆಯ ಸಂಗೀತ ಅಂತ ಬೇರೆ ಬೇರೆ ಲೆಕ್ಕ ಇಟ್ಟುಕೊಂಡು ಬಂದಿದೆ. ಜಾಝ್ ಸಾಮಾನ್ಯವಾಗಿ ಎರಡನೆಯ ಪಾಲಿಗೆ. ಅನುದಾನ ಕೊಡುವವರೂ ಹಾಗೇ. ನನ್ನ ಒಂದೇ ರಚನೆಗೆ ಜಾಝ್ ಸಮಿತಿ 'ಎಲ್ಲಾ ಬರೆದೇ ಇಟ್ಟಿದ್ದೀರಲ್ಲ' ಅಂದಿತು, ಇನ್ನೊಂದು ಸಮಿತಿ 'ಬರೆದಿದ್ದು ಸಾಲದು' ಅಂದಿತು. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನಮ್ಮಲ್ಲಿ ಹೇಳುತ್ತಾರಲ್ವಾ? ಈ ಕೆಲಸದಲ್ಲಿ ಇಡಲೇಬೇಕು, ಎರಡಕ್ಕೂ ಬೇರೆ ಬೇರೆ ಅರ್ಜಿ ಬರೆದು.

ಸ್ಕೋರ್, ಅಂದರೆ ಸ್ವರಲಿಪಿಯ ಹಾಳೆ, ಬರೆಯೋದೂ ಹಾಗೇ. ಪಿಟೀಲಿನಂಥ ವಯೋಲಾ ನುಡಿಸುವವರಿಗೆ ಪ್ರತಿ ಸ್ವರ ಎಷ್ಟು ಚಿಕ್ಕದು, ಕಮಾನು ಮೇಲಕ್ಕೋ ಕೆಳಕ್ಕೋ ಅಂತ ಗೊತ್ತಾಗಬೇಕು. ಅದೇ ರೀತಿ ತುಂಬಿದ ಹಾಳೆಯನ್ನು ಡ್ರಮ್ಸ್‌ನವರ ಮುಂದಿಟ್ಟರೆ ಕೈ ಕಟ್ಟಿಹಾಕಿದ ಹಾಗೆ ನುಡಿಸುತ್ತಾರೆ. ಅವರಿಗೆ ಎಷ್ಟು ಆವರ್ತ, ಎಲ್ಲಿ ಎಲ್ಲರೂ ಒಟ್ಟಿಗೆ ಹೊಡೆಯಬೇಕು, ಎಲ್ಲಿ ಸುಮ್ಮನಿರಬೇಕು ಅಷ್ಟು ಸಾಕು. ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ನ ಹಾಳೆಯಲ್ಲಿ ಸುಮ್ನೆ 'ಸ್ವಿಂಗ್' (ಜಾಝ್‌ನ ತೂಗುವ ಲಯ) ಅಂತ ಬರೆದೆ ಅಂದುಕೋ, ನಾಲ್ವರು ನಾಲ್ಕು ಥರ ತೂಗುತ್ತಾರೆ. ಬದಲಿಗೆ ಸಮನಾದ ಸ್ವರ ಬರೆದು ಒತ್ತು ಎಲ್ಲಿ ಬೀಳಬೇಕೋ ಅಲ್ಲಿ ಗುರುತು ಹಾಕು. ಒಮ್ಮೆ ಐದರ ಎಣಿಕೆಯ ಖಂಡಗತಿಯ ಒಂದು ಸಾಲು ಚೆಲ್ಲೋದವರಿಗೆ ಕೂರಲೇ ಇಲ್ಲ. ವಾದ್ಯ ಬದಿಗಿಡಿ, ಬಾಯಲ್ಲಿ ತ-ಕ-ತ-ಕಿ-ಟ ಹೇಳಿ ಅಂದೆ. ಕಾಫಿ ಬ್ರೇಕ್‌ಗೆ ಮುಂಚೆಯೇ ಕೂತಿತು. ತಾಲೀಮಿಗೆ ಸಿಗುವ ಸಮಯ ಬಹಳ ಕಡಿಮೆ, ಇಂಥವು ತುಂಬಾ ಉಪಯೋಗಕ್ಕೆ ಬರುತ್ತವೆ. ಆದರೆ ಆಯೋಜಕರು 'ಸ್ವಲ್ಪ ತಬಲಾನೂ ಸೇರಿಸಿ' ಅಂದರೆ ನಿನ್ನ ರಚನೆಗೆ ಬೇಕಿದ್ದರೆ ಮಾತ್ರ ಒಪ್ಪಿಕೋ.

ಇನ್ನು ಕಾಗದಪತ್ರ. ವೀಸಾಗೆ ಬ್ಯಾಂಕಿನಲ್ಲಿ ವರ್ಷದ ಖರ್ಚು ಇಟ್ಟು ತೋರಿಸಬೇಕು, 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಸಂಬಳದ ಕೆಲಸ ಮಾಡಬಹುದು. ಕಾರ್ಯಕ್ರಮ ನುಡಿಸಿ ಬಿಲ್ ಕೊಡೋದು ಮಾತ್ರ ಸ್ವಂತ ಉದ್ಯೋಗದ ಲೆಕ್ಕ. ಅದಕ್ಕೆ ವಿದೇಶಿಯರ ಆಫೀಸಿನ ಅನುಮತಿ ಬೇರೆ ತಗೋಬೇಕು, ಎಷ್ಟೋ ಜನರಿಗೆ ಇದು ಗೊತ್ತೇ ಇರಲ್ಲ. ಓದು ಮುಗಿದ ಮೇಲೆ ಕಲಾವಿದರ ಸಾಮಾಜಿಕ ವಿಮೆ, ಕೆಎಸ್‌ಕೆ ಅಂತಾರೆ, ಅದಕ್ಕೆ ಸೇರಿಕೋ. ಆರೋಗ್ಯ ವಿಮೆ, ಪಿಂಚಣಿ ಕಂತಿನ ಸುಮಾರು ಅರ್ಧ ಅವರೇ ಕಟ್ಟುತ್ತಾರೆ. ನಮ್ಮಂಥವರು ಇಲ್ಲಿ ಉಳಿದಿರೋದೇ ಅದರಿಂದ.

ಮನೆಯಲ್ಲಿ ಸಾಧನೆಗೆ ರಾತ್ರಿ ಹತ್ತರ ಮೇಲೆ ಅವಕಾಶವಿಲ್ಲ. 2018ರಲ್ಲಿ ಟ್ರಂಪೆಟ್ ನುಡಿಸುವವರೊಬ್ಬರ ಜಗಳ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯದವರೆಗೂ ಹೋಗಿತ್ತು. ಕೆಲಸದ ದಿನ ಎರಡು-ಮೂರು ಗಂಟೆ, ಭಾನುವಾರ ಒಂದೆರಡು ಗಂಟೆ ಅಂತ ಅಂದಾಜು ಹಾಕಿಕೊಟ್ಟರು. ಹೆಡ್‌ಫೋನ್ ಹಾಕಿ ನುಡಿಸುವ ಡಿಜಿಟಲ್ ಪಿಯಾನೋ ತಗೋ.

ಜರ್ಮನ್ ಈಗಲೇ ಶುರುಮಾಡು, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ. ಬರುವ ಮುಂಚೆ ಬೆಂಗಳೂರಿನಲ್ಲೇ ಒಬ್ಬ ಒಳ್ಳೆ ಡ್ರಮ್ಮರ್ ಹಿಡಿದು ನಿನ್ನ ರಚನೆ ನುಡಿಸಿ ನೋಡು. ರೆಕಾರ್ಡಿಂಗ್ ಜೊತೆ ಡ್ರಮ್ಸ್ ಹಾಳೆಯನ್ನೂ ನನಗೆ ಕಳಿಸು.